ಜೋಡಿ ಸೂಜಿ

ನಮ್ಮ ಭೇರ್ಯದಲ್ಲಿ ಹೊಲಿಗೆ ಅಂಗಡಿ ಇಟ್ಟವರಿಗೆ ವರ್ಷದಲ್ಲಿ ಎರಡೇ ಕಾಲ. ನಾಟಿ, ಕಳೆ ಎಂದು ಹೆಂಗಸರೆಲ್ಲ ಗದ್ದೆಯಲ್ಲಿರುವಾಗ ಬರುವುದು ಬರೀ ರಿಪೇರಿ: ಹೊಲಿಗೆ ಬಿಟ್ಟ ನೈಟಿ, ಜಿಪ್ಪು ಹೋದ ಸ್ಕೂಲ್ ಬ್ಯಾಗು, ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟು. ಒಕ್ಕಣೆ ಮುಗಿದು ಭತ್ತದ ದುಡ್ಡು ಕೈಗೆ ಬಂದ ಮೇಲೆ ಇನ್ನೊಂದು ಕಾಲ. ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ ಜಾತ್ರೆ, ಅದರ ಬೆನ್ನಿಗೇ ಮದುವೆಗಳು. ಆಗ ಅಂಗಡಿಯ ಮೂಲೆಯಲ್ಲಿ ಬ್ಲೌಸ್ ಪೀಸಿನ ಕವರುಗಳು ಗುಡ್ಡೆ ಬೀಳುತ್ತವೆ. ಬಂದವರೆಲ್ಲ ಫೋನು ತೆಗೆದು ತೋರಿಸುವುದು ಒಂದೇ, ಆರಿ ವರ್ಕ್. ತೋಳಿನ ತುಂಬ ಮಣಿ, ಬೆನ್ನಿನ ಮೇಲೆ ನವಿಲು, ಕೊರಳ ಸುತ್ತ ಜರ್ದೋಸಿ. ಆ ಸೂಜಿ ಹಿಡಿದು ಕಣ್ಣು ಸವೆಸುವ ಹುಡುಗಿಯರ ಕೆಲಸದ ಮೇಲೆ ನನಗೆ ಗೌರವವಿದೆ. ಆದರೆ ನನ್ನ ಮನಸ್ಸು ನಿಂತಿರುವುದು ಬೇರೊಂದು ಅಲಂಕಾರದ ಮೇಲೆ. ಅದರಲ್ಲಿ ಮಣಿಯಿಲ್ಲ, ಜರಿಯಿಲ್ಲ, ಲೇಸಿಲ್ಲ. ಹೊರಗಿನಿಂದ ಏನನ್ನೂ ತಂದು ಬಟ್ಟೆಯ ಮೇಲೆ ಕೂರಿಸುವುದಿಲ್ಲ. ಬಟ್ಟೆಯನ್ನೇ ಗುಂಡುಸೂಜಿಯಷ್ಟು ದಪ್ಪಕ್ಕೆ ಎತ್ತಿ ನಿಲ್ಲಿಸಿ ಸಾಲು ಸಾಲಾಗಿ ಗೆರೆ ಎಳೆಯುವುದು. ಪಿನ್ ಟಕ್.

ಟಕ್ಕು ನಮ್ಮ ಕಡೆಗೆ ಹೊಸದೇನಲ್ಲ. ಹೆಣ್ಣುಮಕ್ಕಳ ಲಂಗದ ಕೆಳಗೆ ಎರಡೋ ಮೂರೋ ಅಡ್ಡ ಟಕ್ ಹಾಕಿಸುವುದು ಮನೆಮನೆಯ ಪದ್ಧತಿಯಾಗಿತ್ತು. ಮಗು ಬೆಳೆದ ಹಾಗೆ ಒಂದೊಂದೇ ಟಕ್ ಬಿಚ್ಚಿದರೆ ಲಂಗ ಮತ್ತೆ ಕಾಲುಗಂಟಿಗೆ ಬರುತ್ತಿತ್ತು. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದೆ ಉಳಿದಿದ್ದ ಬಟ್ಟೆ ಅಂಗಡಿಯಿಂದ ತಂದಾಗಿನ ಬಣ್ಣದಲ್ಲೇ ಇರುತ್ತಿತ್ತು. ಸುತ್ತಲೂ ಮಾಸಿದ ಕೆಂಪು, ನಡುವೆ ಗಾಢವಾದ ಕೆಂಪಿನ ಒಂದು ಪಟ್ಟಿ, ಪಟ್ಟಿಯ ಎರಡೂ ಅಂಚಿನಲ್ಲಿ ಹಳೇ ಹೊಲಿಗೆಯ ಸಣ್ಣ ಸಣ್ಣ ತೂತು. ನಾನು ಪ್ರೈಮರಿ ಸ್ಕೂಲಿಗೆ ಹಾಕಿಕೊಂಡು ಹೋದ ಲಂಗಗಳಲ್ಲೆಲ್ಲ ಅಂಥ ಪಟ್ಟಿಗಳಿದ್ದವು. ಅವ್ವನಿಗೆ ಅದು ಉಳಿತಾಯ, ನನಗೆ ಮಾತ್ರ ಅದು ಬಾರ್ಡರಿನಷ್ಟೇ ಚೆಂದ.

ಹೊಲಿಗೆ ತರಗತಿಯಲ್ಲಿ ಕಲಿಸುವ ಪಿನ್ ಟಕ್ಕೂ ಆ ಲಂಗದ ಟಕ್ಕಿನ ರೀತಿಯದೇ. ಗೆರೆ ಹಾಕಿ, ಗೆರೆಯ ಮೇಲೆ ಮಡಚಿ, ಉಗುರಿನಲ್ಲಿ ತೀಡಿ, ಮಡಿಕೆಯ ಅಂಚಿಗೆ ಅಂಟಿದ ಹಾಗೆ ಒಂದು ಹೊಲಿಗೆ. ಇಂಚಿನ ಎಂಟನೇ ಒಂದು ಭಾಗ ನಮಗೆ ಒಂದು ನೂಲು. ಅರ್ಧ ನೂಲು ಅಗಲದ ಟಕ್ಕಿಗೆ ಒಂದು ನೂಲು ಬಟ್ಟೆ ಬೇಕು, ಮಡಿಕೆಗೆ ಎರಡು ಪದರವಲ್ಲವೇ? ಇಪ್ಪತ್ತು ಟಕ್ ಹಾಕಿದರೆ ಎರಡೂವರೆ ಇಂಚು ಬಟ್ಟೆ ಒಳಗೆ ಹೋಯಿತು. ಅಷ್ಟೂ ಕಡೆ ಕೈ ಒಂದೇ ಸಮ ಇರಬೇಕು. ಒಂದು ಟಕ್ ಕೂದಲೆಳೆಯಷ್ಟು ಆಚೀಚೆಯಾದರೂ ಸಾಲು ಪೂರ್ತಿ ಸೊಟ್ಟಗೆ ಕಾಣುತ್ತದೆ. ಹೀಗೆ ಹೊಲಿದ ಟಕ್ ಒಂದು ಪಕ್ಕಕ್ಕೆ ಮಲಗುತ್ತದೆ, ಮುಟ್ಟಿದರೆ ಬೆರಳಿಗೆ ಅಂಚು ಸಿಗುತ್ತದೆ. ಜೋಡಿ ಸೂಜಿಯ ಟಕ್ ಮಲಗುವುದಿಲ್ಲ. ಗುಂಡಗೆ, ನೆಟ್ಟಗೆ ನಿಲ್ಲುತ್ತದೆ.

ಜೋಡಿ ಸೂಜಿ ಎಂದರೆ ಮೇಲೆ ಒಂದೇ ಕಾಂಡ, ಕೆಳಗೆ ಒಂದು ಅಡ್ಡಪಟ್ಟಿಗೆ ಕಚ್ಚಿಕೊಂಡ ಎರಡು ಸೂಜಿ. ಪ್ಯಾಕೆಟ್ಟಿನ ಮೇಲೆ ಎರಡು ಅಂಕಿ ಇರುತ್ತವೆ: 1.6/70, 2.0/80, 2.5/80, 3.0/90, 4.0/90. ಮೊದಲನೆಯದು ಎರಡು ಸೂಜಿಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಎರಡನೆಯದು ಸೂಜಿಯ ದಪ್ಪ, 80 ಎಂದರೆ 0.8 ಮಿಲಿಮೀಟರ್. ನಮ್ಮೂರಿನಲ್ಲಿ ಸಿಗುವ ಸಾಮಾನಲ್ಲ. ಹಾಸನದ ಕಡೆಯಿಂದ ಬರುವ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಟೈಲರಿಂಗ್ ಮೆಟೀರಿಯಲ್ ಅಂಗಡಿಯಲ್ಲಿ ಕೇಳಿ ತರಬೇಕು. ಒಂದು ಜೋಡಿ ಸೂಜಿಯ ಬೆಲೆಗೆ ಸಾದಾ ಸೂಜಿಯ ಪ್ಯಾಕೆಟ್ಟುಗಳೇ ಬರುತ್ತವೆ, ಬಾಗಿದರೆ ಎಸೆಯುವುದೊಂದೇ ದಾರಿ.

ಇನ್ನೊಂದು ವಿಷಯ ನಮ್ಮ ಕಡೆಯ ಹೆಂಗಸರಿಗೆ ಮೊದಲೇ ಹೇಳಬೇಕು. ಬಹಳ ಮನೆಗಳಲ್ಲಿ ಇರುವ ಕಪ್ಪು ತಲೆಯ ಕಾಲು ಮಷೀನಿಗೆ ಈ ಸೂಜಿ ಆಗುವುದಿಲ್ಲ. ಅದರಲ್ಲಿ ದಾರ ಪೋಣಿಸುವುದು ಸೂಜಿಯ ಪಕ್ಕದಿಂದ. ಜೋಡಿ ಸೂಜಿ ಇರುವುದು ಮುಂದಿನಿಂದ ಹಿಂದಕ್ಕೆ ಪೋಣಿಸುವ ಮಷೀನಿಗೆ. ಕಪ್ಪು ಮಷೀನಿಗೆ ಸಿಕ್ಕಿಸಿದರೆ ಎರಡು ಸೂಜಿಗಳು ಅಕ್ಕಪಕ್ಕ ನಿಲ್ಲುವ ಬದಲು ಒಂದರ ಹಿಂದೆ ಒಂದು ನಿಲ್ಲುತ್ತವೆ. ಪ್ಲೇಟಿನಲ್ಲಿ ಇರುವುದೋ ಒಂದೇ ಸೂಜಿಯ ಸಣ್ಣ ತೂತು. ಜಿಗ್‌ಜಾಗ್ ಹೊಲಿಯುವ ಮಷೀನಿನಲ್ಲಿ ಪ್ಲೇಟಿನ ತೂತು ಅಡ್ಡಕ್ಕೆ ಅಗಲವಾಗಿರುತ್ತದೆ, ಅದಕ್ಕೇ ಈ ಕೆಲಸ ಅಲ್ಲಿ ಮಾತ್ರ ಸಾಧ್ಯ. ಅಲ್ಲಿಯೂ ತೂತಿನ ಅಗಲಕ್ಕೆ ಹೊಂದುವ ಸೂಜಿ ಹಾಕಬೇಕು, ಹೊಲಿಗೆಯನ್ನು ನೇರಕ್ಕೇ ಇಡಬೇಕು. ಮೋಟಾರು ಒತ್ತುವ ಮುಂಚೆ ಕೈಚಕ್ರವನ್ನು ಒಂದು ಸುತ್ತು ತಿರುಗಿಸಿ ಎರಡೂ ಸೂಜಿ ಪ್ಲೇಟಿಗೆ ತಾಗದೆ ಇಳಿಯುತ್ತವೆಯೇ ಎಂದು ನೋಡಿಕೊಳ್ಳಬೇಕು. ಕಾಲು ಮಷೀನ್ ಇರುವವರು ಬೇಸರಪಡಬೇಕಿಲ್ಲ, ಮಡಚಿ ಹೊಲಿಯುವ ಟಕ್ಕಿಗೆ ಅದಕ್ಕಿಂತ ಒಳ್ಳೆಯ ಮಷೀನ್ ಇಲ್ಲ. ಅದು ಹಾಕುವಷ್ಟು ನೇರವಾದ ಹೊಲಿಗೆಯನ್ನು ಬಣ್ಣಬಣ್ಣದ ಪ್ಲಾಸ್ಟಿಕ್ ಮಷೀನುಗಳಲ್ಲಿ ನಾನು ಕಂಡಿಲ್ಲ.

ಮೇಲೆ ಎರಡು ರೀಲು, ಕೆಳಗೆ ಒಂದೇ ಬಾಬಿನ್. ಗುಟ್ಟೆಲ್ಲ ಇರುವುದು ಅಲ್ಲೇ. ಎರಡು ಸೂಜಿಗಳು ಎರಡು ನೇರ ಗೆರೆ ಹೊಲಿಯುತ್ತ ಹೋದರೆ, ಕೆಳಗಿನ ಒಂದೇ ದಾರ ಆ ಎರಡಕ್ಕೂ ಸಿಕ್ಕಿಕೊಳ್ಳಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡುತ್ತದೆ. ಬಟ್ಟೆ ತಿರುಗಿಸಿದರೆ ಆ ಅಂಕುಡೊಂಕು ಕಾಣುತ್ತದೆ. ಟೆನ್ಷನ್ ಬಿಗಿ ಮಾಡಿದಷ್ಟೂ ಆ ದಾರ ಎರಡು ಗೆರೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ನಡುವೆ ಸಿಕ್ಕಿದ ಬಟ್ಟೆಗೆ ಹೋಗಲು ದಾರಿ ಇರುವುದು ಮೇಲಕ್ಕೆ ಮಾತ್ರ. ಅದು ಏಳುತ್ತದೆ. ರೀಲುಗಳನ್ನು ಇಡುವಾಗ ಒಂದರ ದಾರ ಮುಂದಿನಿಂದ, ಇನ್ನೊಂದರದು ಹಿಂದಿನಿಂದ ಬಿಚ್ಚಿಕೊಳ್ಳುವ ಹಾಗೆ ಇಟ್ಟರೆ ಎರಡೂ ಒಂದಕ್ಕೊಂದು ಸುತ್ತಿಕೊಳ್ಳುವುದಿಲ್ಲ. ಇದರ ಜೊತೆಗೆ ಅಡಿಯಲ್ಲಿ ಸಣ್ಣ ಸಣ್ಣ ಕಾಲುವೆ ಕೊರೆದಿರುವ ಒಂದು ಫೂಟು ಸಿಗುತ್ತದೆ. ಮೂರು ಕಾಲುವೆಯದು ಅಗಲದ ಸೂಜಿಗೆ, ಐದು, ಏಳು, ಒಂಬತ್ತು ಎಂದು ಹೆಚ್ಚಿದ ಹಾಗೆ ಕಿರಿದಾದ ಸೂಜಿಗೆ. ಮೊದಲ ಟಕ್ ಹೊಲಿದ ಮೇಲೆ ಅದನ್ನು ಪಕ್ಕದ ಕಾಲುವೆಯೊಳಗೆ ಕೂರಿಸಿ ಮುಂದಿನದನ್ನು ಹೊಲಿದರೆ ಎಷ್ಟು ಉದ್ದಕ್ಕೂ ಅಂತರ ಒಂದೇ. ಮೊದಲ ಗೆರೆಯೊಂದನ್ನು ನೇರವಾಗಿ ಹೊಲಿಯುವುದು ನಮ್ಮ ಹೊಣೆ, ಮಿಕ್ಕವು ಅದನ್ನೇ ಹಿಡಿದು ಬರುತ್ತವೆ.

ಇಷ್ಟು ತಿಳಿದರೆ ಅರ್ಧ ತಿಳಿದ ಹಾಗೆ. ಉಳಿದರ್ಧ ಬಟ್ಟೆಯ ಕೈಯಲ್ಲಿದೆ. ಮಣಿ ಹೊಲಿದರೆ ಕೆಳಗೆ ಯಾವ ಬಟ್ಟೆಯಿದ್ದರೂ ಮಣಿ ಮಣಿಯೇ. ಪಿನ್ ಟಕ್ಕಿನಲ್ಲಿ ಬಟ್ಟೆ ಬಿಟ್ಟು ಬೇರೇನೂ ಇಲ್ಲದ್ದರಿಂದ ಅದರ ಗುಣ ಮುಚ್ಚಿಟ್ಟುಕೊಳ್ಳಲು ಎಡೆಯೇ ಇಲ್ಲ. ಅದಕ್ಕಾಗಿ ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಗೇಣುದ್ದದ ಪಟ್ಟಿ ಮಾಡಿ, ಒಂದೊಂದರ ಮೇಲೂ ಬೇರೆ ಬೇರೆ ಸೂಜಿಯಲ್ಲಿ ಹೊಲಿದು, ಸೂಜಿಯ ಅಳತೆ, ಟೆನ್ಷನ್ ಅಂಕಿ, ದಾರದ ಬಗೆಯನ್ನು ಅಂಚಿನಲ್ಲಿ ಬರೆದು ಇಟ್ಟುಕೊಂಡಿದ್ದೇನೆ. ಆ ಪಟ್ಟಿಗಳ ಕಟ್ಟು ನನ್ನ ಅಂಗಡಿಯ ನಿಜವಾದ ಬಂಡವಾಳ.

ಕಟ್ಟಿನಲ್ಲಿ ಮೊದಲನೆಯದು ಮಲ್ ಬಟ್ಟೆ. ಬಾಣಂತಿ ಮನೆಯಲ್ಲಿ ಕೂಸಿಗೆ ಸುತ್ತುವ ಮೆತ್ತನೆ ಬಿಳಿ ಮಲ್. ಪಿನ್ ಟಕ್ಕಿಗೆಂದೇ ನೇಯ್ದ ಹಾಗಿದೆ ಎನ್ನಬೇಕು, ಆದರೆ ಬರಿದಾಗಿ ಮಷೀನಿಗೆ ಕೊಟ್ಟರೆ ಪ್ಲೇಟಿನ ತೂತಿನೊಳಗೆ ಸೆಳೆದುಕೊಂಡು ಮುದುರುತ್ತದೆ. ಅದಕ್ಕೆ ಗಂಜಿ ಹಾಕಬೇಕು. ಗಂಜಿಗೆ ನಮ್ಮಲ್ಲಿ ಬರವೆಲ್ಲಿ? ಕೆ.ಆರ್. ನಗರದ ಸುತ್ತಮುತ್ತ ಚಾಮರಾಜ ನಾಲೆಗಳ ನೀರು ಹರಿಯುವಷ್ಟು ದೂರವೂ ಭತ್ತವೇ. ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ನೀರು ಬೆರೆಸಿ, ಮಲ್ಲನ್ನು ಅದ್ದಿ ನೆರಳಿನಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಹಾಕಿದರೆ ಕಾಗದದ ಹಾಗೆ ನಿಲ್ಲುತ್ತದೆ. ಗೆರೆಗೆ ಚಾಕ್ ಬೇಡ. ಹಾಸಿನ ಒಂದು ಎಳೆಯನ್ನು ಸೂಜಿ ಮೊನೆಯಿಂದ ಎತ್ತಿ ನಿಧಾನವಾಗಿ ಎಳೆದು ತೆಗೆದರೆ ಬಟ್ಟೆಯ ಉದ್ದಕ್ಕೂ ಒಂದು ಸಣ್ಣ ಖಾಲಿ ಗೆರೆ ಬೀಳುತ್ತದೆ. ಅದರಷ್ಟು ನೇರವಾದ ಗೆರೆಯನ್ನು ಯಾವ ಸ್ಕೇಲಿನಿಂದಲೂ ಎಳೆಯಲಾರಿರಿ. 1.6ರ ಸೂಜಿ, ತೆಳ್ಳನೆಯ ಹತ್ತಿ ದಾರ, ಚಿಕ್ಕ ಹೊಲಿಗೆ. ಹೊಲಿದು ಮುಗಿಸಿ ತಣ್ಣೀರಿನಲ್ಲಿ ಗಂಜಿ ಬಿಡಿಸಿದಾಗ ಬಟ್ಟೆ ಮತ್ತೆ ಮೆತ್ತಗಾಗುತ್ತದೆ, ಟಕ್ಕುಗಳು ಮಾತ್ರ ನಿಂತೇ ಇರುತ್ತವೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಎಣಿಸಬಹುದು. ಮಲ್ಲಿನ ಮೇಲಿನ ಟಕ್ಕಿಗೆ ಸಮ ಇನ್ನೊಂದಿಲ್ಲ, ಇದು ನನ್ನ ಕೊನೆಯ ಮಾತು.

ಮಲ್ ತೆಳ್ಳಗಿರುವುದರಿಂದ ಅದರಲ್ಲಿ ಇನ್ನೊಂದು ಸೊಗಸೂ ಸಾಧ್ಯ. ಟಕ್ಕಿನ ಒಳಗೆ ಸಣ್ಣ ಹುರಿಯೊಂದನ್ನು ಓಡಿಸುವುದು. ಕೆಲವು ಮಷೀನುಗಳ ಪ್ಲೇಟಿನಲ್ಲಿ ಸೂಜಿಯ ಮುಂದೆ ಅದಕ್ಕೆಂದೇ ಒಂದು ಸಣ್ಣ ತೂತು ಇರುತ್ತದೆ, ಹುರಿಯನ್ನು ಕೆಳಗಿನಿಂದ ಅದರಲ್ಲಿ ತೂರಿಸಿದರೆ ಎರಡು ಸೂಜಿಗಳ ನಡುವೆ ತಾನೇ ಸಿಕ್ಕಿಕೊಂಡು ಹೋಗುತ್ತದೆ. ಬಿಳಿ ಮಲ್ಲಿನೊಳಗೆ ಕಡುಹಸಿರು ದಾರ ಹಾಕಿ ನೋಡಿ. ಮೇಲೆ ಹಸಿರು ಕಾಣುವುದಿಲ್ಲ, ಬಿಳಿಯೇ ಒಂಚೂರು ಹಸಿರಿಗೆ ತಿರುಗಿದ ಹಾಗೆ ಕಾಣುತ್ತದೆ. ಕೂಸಿನ ಜಬಲಕ್ಕೆ ಇದಕ್ಕಿಂತ ಬೇರೆ ಕಸೂತಿ ಬೇಕಿಲ್ಲ, ಒಳಗೆ ಚುಚ್ಚುವಂಥದ್ದೂ ಏನಿಲ್ಲ.

ಟೂ ಬೈ ಟೂ ರುಬಿಯಾ ಬ್ಲೌಸ್ ಪೀಸು ಎಲ್ಲರಿಗೂ ಗೊತ್ತಿರುವ ಬಟ್ಟೆ. ಹಾಸಿನಲ್ಲೂ ಹೊಕ್ಕಿನಲ್ಲೂ ಎರಡೆರಡು ಎಳೆ ಹುರಿ ಮಾಡಿದ ನೂಲು, ಒತ್ತಾದ ನೇಯ್ಗೆ. ಕಲಿಯುವವರು ಇದರಲ್ಲೇ ಕಲಿಯಬೇಕು, ಹೇಳಿದಂತೆ ಕೇಳುತ್ತದೆ. 2.0ರ ಸೂಜಿಗೆ ಸಮನಾದ ಟಕ್ಕು. ಪಾಪ್ಲಿನ್ ಕೂಡ ಹೆಚ್ಚುಕಡಿಮೆ ಹೀಗೇ. ಅವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ತಕರಾರಿಲ್ಲದ ಬಟ್ಟೆಗಳು.

ಖಾದಿಯ ಮಾತು ಬೇರೆ. ಯಂತ್ರಗಳನ್ನು ಅಷ್ಟೊಂದು ಅನುಮಾನದಿಂದ ನೋಡುತ್ತಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟು ಹೊಗಳಿದ್ದರು. ಸಿಂಗರ್ ತನ್ನ ಹೆಂಡತಿ ಕೈಹೊಲಿಗೆಯಲ್ಲಿ ಪಡುವ ಪಾಡು ನೋಡಲಾರದೆ ಮಾಡಿದ ಯಂತ್ರ, ಅದರ ಹಿಂದೆ ಪ್ರೀತಿ ಇದೆ ಎಂಬುದು ಅವರ ಕಾರಣ. ಅವರು 1927ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿಗೂ ಬಂದಿದ್ದರು. ಅಲ್ಲಿ ಹೆಂಗಸರು ನೂತ ಖಾದಿಯ ಹೆಸರು ಹಳೆಯದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಕೈಕೆಲಸದವರ ಪರವಾಗಿ ಸತ್ಯಾಗ್ರಹಕ್ಕೆ ಕೂತದ್ದೂ ಅದೇ ಊರಿನಲ್ಲಿ. ಕೈಯಲ್ಲಿ ನೂತ ನೂಲು ಒಂದೇ ದಪ್ಪಕ್ಕೆ ಇರುವುದಿಲ್ಲ. ಅಲ್ಲಲ್ಲಿ ಗಂಟು, ಅಲ್ಲಲ್ಲಿ ತೆಳು. ಜೋಡಿ ಸೂಜಿ ಅದರ ಮೇಲೆ ಓಡಿದಾಗ ಗಂಟು ಬಂದ ಕಡೆ ಟಕ್ಕು ಉಬ್ಬುತ್ತದೆ, ತೆಳುವಾದ ಕಡೆ ತಗ್ಗುತ್ತದೆ. ಮೊದಲ ನೋಟಕ್ಕೆ ಹೊಲಿಗೆ ಕೆಟ್ಟಿದೆ ಎನ್ನಿಸಬಹುದು. ಹತ್ತಾರು ಸಾಲು ಹಾಕಿ ದೂರ ಹಿಡಿದು ನೋಡಿದರೆ ಆ ಏರಿಳಿತವೇ ಅದರ ಅಂದ, ನೂತವರ ಕೈ ಅಲ್ಲಿ ಕಾಣುತ್ತದೆ. ಕಿರಿದಾದ ಸೂಜಿಗೆ ಖಾದಿ ಬಗ್ಗುವುದಿಲ್ಲ, 3.0 ಇಲ್ಲವೇ 4.0 ಬೇಕು, ಟಕ್ಕುಗಳ ನಡುವೆ ಜಾಗ ಬಿಡಬೇಕು. ಹೊಲಿಯುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಸುವುದನ್ನಂತೂ ಬಿಡುವ ಹಾಗಿಲ್ಲ. ಬಟ್ಟೆ ಆಮೇಲೆ ಕುಗ್ಗಿ, ಪಾಲಿಯೆಸ್ಟರ್ ದಾರ ಕುಗ್ಗದೆ ಉಳಿದರೆ ಗೆರೆಯೆಲ್ಲ ಅಲೆ ಅಲೆಯಾಗುತ್ತದೆ.

ಇನ್ನು ಮೈಸೂರು ಸಿಲ್ಕ್. ಎಚ್.ಡಿ. ಕೋಟೆಗೆ ಹೋಗುವ ಮಾನಂದವಾಡಿ ರಸ್ತೆಯಲ್ಲಿರುವ ರೇಷ್ಮೆ ನೇಯ್ಗೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, 1912ರಲ್ಲಿ ಸ್ವಿಟ್ಜರ್ಲೆಂಡಿನ ಮಗ್ಗಗಳಿಂದ ಶುರುವಾದದ್ದು. 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಅಲ್ಲಿಯ ಹೊಸ ಸೀರೆಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಬರಲಾರದು. ಅವ್ವನ ಹಳೇ ಸೀರೆಯೊಂದು ಮಡಿಕೆಯ ಗುಂಟ ಸೀಳಿದ್ದರಿಂದ ನನಗೆ ಆ ಭಾಗ್ಯ ಸಿಕ್ಕಿತು. ಕ್ರೇಪ್ ರೇಷ್ಮೆಯ ನೂಲಿಗೆ ಬಹಳ ಹುರಿ ಹಾಕಿರುತ್ತಾರೆ, ಬಲಹುರಿ ಎಡಹುರಿಯವನ್ನು ಸರದಿಯಂತೆ ಸೇರಿಸಿ ನೇಯುತ್ತಾರೆ. ಅದರಿಂದಲೇ ಆ ಬಟ್ಟೆಗೆ ಹಿಡಿದು ಬಿಟ್ಟರೆ ತಾನಾಗಿ ಕುಣಿಯುವ ಜೀವ. ಜೋಡಿ ಸೂಜಿಯ ಕೆಳಗೆ ಅದು ಎಷ್ಟು ಚೆನ್ನಾಗಿ ಏಳುತ್ತದೆಂದರೆ ಟೆನ್ಷನ್ ಹೆಚ್ಚಿಸುವುದೇ ಬೇಡ. ಸಾದಾ ಹೊಲಿಗೆಯ ಬಿಗಿಗೇ ಟಕ್ಕು ತುಂಬಿಕೊಂಡು ನಿಲ್ಲುತ್ತದೆ, ಬೆಳಕು ಬಿದ್ದ ಕಡೆ ಒಂದು ಬಣ್ಣ, ಮರೆಯ ಕಡೆ ಇನ್ನೊಂದು. ಹಳೇ ಸೀರೆಯ ಬದನೆ ಬಣ್ಣ ಟಕ್ಕಿನ ಒಂದು ಬದಿಗೆ ಹೆಚ್ಚುಕಡಿಮೆ ಕಪ್ಪಾಗಿ, ಇನ್ನೊಂದು ಬದಿಗೆ ನೇರಳೆಯಾಗಿ ಕಾಣುತ್ತಿತ್ತು. ಆದರೆ ರೇಷ್ಮೆಗೆ ಒಮ್ಮೆ ಚುಚ್ಚಿದ ತೂತು ಮುಚ್ಚುವುದಿಲ್ಲ, ಬಿಚ್ಚಿ ಹೊಲಿಯುವ ಮಾತೇ ಇಲ್ಲ. ಜರಿ ಅಂಚು ಬರುವ ಮುಂಚೆಯೇ ನಿಲ್ಲಿಸಬೇಕು. ಜರಿಯಲ್ಲಿ ಇರುವುದು ಲೋಹದ ತಂತಿ, ಈ ಸೀರೆಗಳ ಜರಿಯಲ್ಲಿ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ ಎನ್ನುವುದು ನಿಗಮವೇ ಹೇಳುವ ಲೆಕ್ಕ. ಅದರ ಮೇಲೆ ಟಕ್ಕು ಏಳುವುದಿಲ್ಲ, ಸೂಜಿಯ ಮೊನೆ ಮಾತ್ರ ಮೊಂಡಾಗುತ್ತದೆ.

ಜಾರ್ಜೆಟ್ಟು ಜಾರುತ್ತದೆ ಎಂದು ಕೆಳಗೆ ಕಾಗದ ಇಟ್ಟು ಹೊಲಿಯುವುದು ನಮ್ಮ ಟೈಲರುಗಳ ಹಳೇ ಉಪಾಯ. ಪಿನ್ ಟಕ್ಕಿಗೆ ಆ ಉಪಾಯ ನಡೆಯುವುದಿಲ್ಲ. ಕಾಗದ ಇದ್ದರೆ ಬಟ್ಟೆ ಜಾರುವುದಿಲ್ಲ ನಿಜ, ಆದರೆ ಕೆಳಗಿನ ದಾರ ಎಳೆದಾಗ ಕಾಗದ ಬಗ್ಗದೆ ನಿಂತು ಟಕ್ಕನ್ನೂ ಏಳಗೊಡುವುದಿಲ್ಲ. ಅದಕ್ಕೂ ಗಂಜಿಯೇ ಗತಿ. ಆರ್ಗಂಜಾ ಹಾಗಲ್ಲ, ಹುಟ್ಟಿನಿಂದಲೇ ಬಿರುಸು. ಟಕ್ಕು ಗರಿಯ ನಡುಗಡ್ಡಿಯಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಬಟ್ಟೆ ಮಡಿಕೆಯಾದ ಕಡೆ ಬಣ್ಣ ಇಮ್ಮಡಿಯಾಗುವುದರಿಂದ ದೂರದಿಂದ ಗೆರೆ ಬರೆದ ಹಾಗೆಯೇ ಕಾಣುತ್ತದೆ. ತೋಳಿಗೆ ಬಹಳ ಒಪ್ಪುತ್ತದೆ, ಬೆನ್ನಿಗೆ ಬೇಡ. ಬಸ್ಸಿನ ಸೀಟಿಗೆ ಒರಗಿದವರಿಗೆ ಅದರ ಬಿರುಸು ಗೊತ್ತಾಗುತ್ತದೆ.

ನನಗೆ ಹೆಚ್ಚು ಕಲಿಸಿದ್ದು ಬನಿಯನ್ ಬಟ್ಟೆ. ಟೀ ಶರ್ಟಿನ ಅಂಚು ಹೊಲಿಯಲು ಜೋಡಿ ಸೂಜಿ ಬಳಸುವವರ ದೊಡ್ಡ ದೂರು ಎಂದರೆ ಎರಡು ಗೆರೆಗಳ ನಡುವೆ ಬಟ್ಟೆ ಉಬ್ಬಿ ನಿಲ್ಲುವುದು. ಅದನ್ನು ಇಳಿಸಲು ಟೆನ್ಷನ್ ಸಡಿಲ ಮಾಡುತ್ತಾರೆ, ಒಳಗೆ ಪಟ್ಟಿ ಅಂಟಿಸುತ್ತಾರೆ, ಮಷೀನ್ ಬೈಯುತ್ತಾರೆ. ಆ ಉಬ್ಬೇ ಅಲ್ಲವೇ ನಮಗೆ ಬೇಕಾದ ಟಕ್ಕು? ಅವರು ದೋಷ ಎನ್ನುವುದನ್ನು ನಾವು ಬಿಗಿ ಮಾಡಿ ಇನ್ನಷ್ಟು ಬೆಳೆಸುತ್ತೇವೆ. ಹೆಣೆದ ಬಟ್ಟೆ ಎಳೆದರೆ ಹಿಗ್ಗುವುದರಿಂದ ಅದಕ್ಕೆ ಸ್ಟ್ರೆಚ್ ಜೋಡಿ ಸೂಜಿಯನ್ನೇ ಹಾಕಬೇಕು, ಇಲ್ಲದಿದ್ದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಹಿಗ್ಗುವ ದಿಕ್ಕಿನಲ್ಲೇ ಅಡ್ಡಕ್ಕೆ ಹೊಲಿದರೆ ಹಾಕಿಕೊಂಡಾಗ ದಾರ ಪಟ್ ಎನ್ನುತ್ತದೆ. ಉದ್ದಕ್ಕೆ ಹೊಲಿದ ಪಟ್ಟಿಯಲ್ಲಿ ಟಕ್ಕು ಮೃದುವಾಗಿ, ದಪ್ಪವಾಗಿ ಏಳುತ್ತದೆ. ಚಳಿಗಾಲದಲ್ಲಿ ಕೂಸುಗಳಿಗೆ ಹಾಕುವ ಮೇಲಂಗಿಗೆ ನಾನು ಇದನ್ನೇ ಹೊಲಿಯುವುದು.

ಒಪ್ಪದ ಬಟ್ಟೆಗಳೂ ಇವೆ. ಜೀನ್ಸಿನ ಮೇಲೆ ಎರಡು ಹೊಲಿಗೆ ಬೀಳುತ್ತವೆ, ಟಕ್ಕು ಏಳುವುದಿಲ್ಲ. ಯೂನಿಫಾರಂ ಟೆರಿಕಾಟು ಎದ್ದ ಹಾಗೆ ಮಾಡಿ ಇಸ್ತ್ರಿ ತಾಗಿದೊಡನೆ ಚಪ್ಪಟೆಯಾಗುತ್ತದೆ. ಸ್ಯಾಟಿನ್ನಿನ ಹೊಳಪಿನ ಮೇಲೆ ಒಂದೊಂದು ಸೂಜಿತೂತೂ ಎದ್ದು ಕಾಣುತ್ತದೆ. ಯಾವ ಬಟ್ಟೆಯಾದರೂ ಕ್ರಾಸಿಗೆ ಹೊಲಿದರೆ ಟಕ್ಕು ಹಾವಿನಂತೆ ಹೊರಳುತ್ತದೆ. ಹಾಸಿನ ಗುಂಟ ಹೋದರೆ ಮಾತ್ರ ನೆಟ್ಟಗೆ ನಿಲ್ಲುತ್ತದೆ.

ಪಕ್ಕದ ಬೀದಿಯ ಅಜ್ಜಿಯೊಬ್ಬರು ಫಾಲ್ಸ್ ಹಾಕಿಸಲು ಬಂದವರು ಈ ಪಟ್ಟಿಗಳ ಕಟ್ಟನ್ನು ಮಡಿಲಿಗೆ ಹಾಕಿಕೊಂಡು ಒಂದೊಂದೇ ಸವರಿ ನೋಡಿದರು. "ಇದೇನ್ ಕಣವ್ವ, ಒಳ್ಳೆ ನಾಟಿ ಸಾಲ್ ಹಾಕ್ದಂಗೆ ಹಾಕಿದ್ದೀಯೆ" ಎಂದರು. ಹಗ್ಗ ಹಿಡಿದು ನಾಟಿ ಹಾಕಿ ಬೆನ್ನು ಬಾಗಿದ ಜೀವ, ಸಾಲಿನ ಬೆಲೆ ಅವರಿಗೆ ಗೊತ್ತು. ಆಮೇಲೆ ಕೇಳಿದ ಪ್ರಶ್ನೆ ಇನ್ನೂ ಹರಿತ. "ಒಗೆದ್ರೆ ಕೂತೋಗಕಿಲ್ವಾ?"

"ಹತ್ತಿ ಆದ್ರೆ ಕೂರಲ್ಲ ಅಜ್ಜಿ. ಬಂಡೆ ಮೇಲೆ ಕುಕ್ಕಬಾರದು ಅಷ್ಟೆ."

"ಕುಕ್ಕದೆ ಕೊಳೆ ಹೆಂಗೆ ಹೋದದು?" ಎಂದು ಅವರು ಪಟ್ಟಿ ಕೆಳಗಿಟ್ಟರು. ಆ ಪ್ರಶ್ನೆಗೆ ಉತ್ತರ ಹುಡುಕಲು ಪ್ರತಿ ಪಟ್ಟಿಯನ್ನೂ ಅರ್ಧ ಕತ್ತರಿಸಿ, ಒಂದರ್ಧವನ್ನು ಮನೆಯ ಬಟ್ಟೆಗಳ ಜೊತೆಗೇ ಬಕೆಟ್ಟಿಗೆ ಹಾಕುತ್ತ ಬಂದೆ. ಮಲ್ಲು, ರುಬಿಯಾ, ಖಾದಿ ಬಂಡೆಗೂ ಬ್ರಶ್ಶಿಗೂ ತಡೆದವು, ಖಾದಿಯದಂತೂ ಒಗೆದಷ್ಟೂ ಮೆತ್ತಗಾಗಿ ಇನ್ನೂ ಚೆಂದವಾಯಿತು. ಜಾರ್ಜೆಟ್ಟು ಗಂಜಿ ಹೋದ ಮೇಲೆ ಅರ್ಧ ಇಳಿದುಹೋಯಿತು. ಆರ್ಗಂಜಾ ಹಿಂಡಿದ ಕಡೆ ಮುರಿದ ಹಾಗೆ ಗೀರು ಬಿದ್ದಿತು. ಇಸ್ತ್ರಿಯ ವಿಷಯದಲ್ಲಿ ಎಲ್ಲಕ್ಕೂ ನಿಯಮ ಒಂದೇ. ಟರ್ಕಿ ಟವಲನ್ನು ಮಡಚಿ ಹಾಸಿ, ಟಕ್ಕಿನ ಮುಖ ಅದರ ಕಡೆಗಿರುವಂತೆ ಬಟ್ಟೆಯನ್ನು ಮಗುಚಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಬೇಕು. ಟವಲಿನ ಕುಚ್ಚಿನಲ್ಲಿ ಟಕ್ಕು ಹುದುಗಿ ಉಳಿದುಕೊಳ್ಳುತ್ತದೆ.

ಹೊಲಿಯುವ ಹುಡುಗಿಯರಿಗೆ ನಾನು ಒತ್ತಿ ಹೇಳುವ ಮಾತು ಇನ್ನೊಂದಿದೆ. ಕತ್ತರಿಸಿದ ಮೇಲೆ ಟಕ್ ಹಾಕಬೇಡಿ, ಟಕ್ ಹಾಕಿದ ಮೇಲೆ ಕತ್ತರಿಸಿ. ಒಂದೊಂದು ಟಕ್ಕು ಎಷ್ಟು ಬಟ್ಟೆ ನುಂಗುತ್ತದೆ ಎನ್ನುವುದು ಬಟ್ಟೆಯ ದಪ್ಪ, ಸೂಜಿಯ ಅಂತರ, ಟೆನ್ಷನ್ ಮೂರರ ಮೇಲೂ ನಿಂತಿದೆ. ಮಡಚಿ ಹೊಲಿಯುವ ಟಕ್ಕಿನಂತೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಮುಂಭಾಗ ಚಿಕ್ಕದಾಗಿ ಹುಕ್ಕು ಸೇರುವುದಿಲ್ಲ. ಬೇಕಾದ್ದಕ್ಕಿಂತ ಅಗಲವಾದ ತುಂಡಿಗೆ ಸಾಲು ಪೂರ್ತಿ ಹೊಲಿದು, ನಡುವಿನ ಟಕ್ಕನ್ನು ಎದೆಯ ನಡುಗೆರೆಗೆ ಹೊಂದಿಸಿ, ಆಮೇಲೆ ಪ್ಯಾಟರ್ನ್ ಇಟ್ಟು ಕತ್ತರಿ ಹಾಕಬೇಕು.

ರೆಡಿಮೇಡ್ ಕುರ್ತಿಗಳ ಎದೆಯ ಮೇಲೆ ಈಗ ಪಿನ್ ಟಕ್ ಸಾಕಷ್ಟು ಕಾಣುತ್ತಿದೆ. ಗಾರ್ಮೆಂಟ್ಸಿಗೆ ಹೋಗುವವರನ್ನು ಕೇಳಿದರೆ ಹೇಳುತ್ತಾರೆ, ಅಲ್ಲಿ ಸಾಲಾಗಿ ಹತ್ತಾರು ಸೂಜಿ ನಿಂತ ಮಷೀನುಗಳಿವೆ, ಒಂದು ಸಲ ಬಟ್ಟೆ ಓಡಿಸಿದರೆ ಎದೆಯ ಟಕ್ಕೆಲ್ಲ ಒಟ್ಟಿಗೇ ಬಿದ್ದಿರುತ್ತದೆ. ಅವುಗಳಲ್ಲಿ ಹೆಚ್ಚಿನವು ಹಾಕುವುದು ಚೈನ್ ಹೊಲಿಗೆ. ಕೊನೆಯಲ್ಲಿ ದಾರ ಬಿಟ್ಟುಕೊಂಡು, ಸಿಕ್ಕ ತುದಿ ಎಳೆದರೆ ಸರಸರ ಬಿಚ್ಚಿಬಿಡುತ್ತದೆ. ಹಾಗೆ ಬಿಚ್ಚಿದ ಕುರ್ತಿ ಹಿಡಿದು ರಿಪೇರಿಗೆ ಬಂದವರಿಗೆ ನಾನು ಹೊಸ ದಾರದಲ್ಲಿ ಜೋಡಿ ಸೂಜಿ ಹಾಕಿ ಕೊಟ್ಟಿದ್ದೇನೆ. ನಮ್ಮ ಮಷೀನಿನ ಹೊಲಿಗೆ ಬಾಬಿನ್ ದಾರಕ್ಕೆ ಕಚ್ಚಿಕೊಂಡಿರುವುದರಿಂದ ಹಾಗೆ ಸುಲಭವಾಗಿ ಬಿಡುವುದಿಲ್ಲ. ಕಾರ್ಖಾನೆಯ ವೇಗ ನಮಗೆ ಬಾರದು. ಆದರೆ ಬಟ್ಟೆ ನೋಡಿ ಸೂಜಿ ಬದಲಿಸುವುದು, ಅಳತೆ ನೋಡಿ ಸಾಲು ಕೂರಿಸುವುದು, ಎದೆ ಅಗಲದವರಿಗೆ ಟಕ್ಕಿನ ನಡುವೆ ಜಾಗ ಬಿಡುವುದು, ಇದು ಊರಿನ ಟೈಲರಿಗೆ ಮಾತ್ರ ಆಗುವ ಕೆಲಸ.

ಭೇರ್ಯವಿರಲಿ, ಸಾಲಿಗ್ರಾಮವಿರಲಿ, ಹುಣಸೂರು ಪಿರಿಯಾಪಟ್ಟಣವಿರಲಿ, ನಿಮ್ಮೂರಿನ ಟೈಲರಕ್ಕನ ಹತ್ತಿರ ಜಿಗ್‌ಜಾಗ್ ಮಷೀನ್ ಇದ್ದರೆ ಒಮ್ಮೆ ಪಿನ್ ಟಕ್ ಕೇಳಿ ನೋಡಿ. ಕೇಳುವಾಗ ಬಟ್ಟೆಯನ್ನು ನೆನೆಸಿ ಒಣಗಿಸಿ ಕೊಡಿ, ಬ್ಲೌಸಿಗೆ ಬೇಕಾದ್ದಕ್ಕಿಂತ ಕಾಲು ಮೀಟರ್ ಹೆಚ್ಚು ಕೊಡಿ. ಮೊದಲು ಒಂದು ಪಟ್ಟಿಯ ಮೇಲೆ ಹೊಲಿದು ತೋರಿಸಲು ಆಕೆಗೆ ಸಮಯ ಕೊಡಿ, ಆ ಪಟ್ಟಿಯನ್ನು ಮನೆಗೆ ಒಯ್ದು ಒಗೆದು ನೋಡಿ, ಆಮೇಲೆ ಹೂಂ ಅನ್ನಿ. ಕೂಲಿ ಮಾತಾಡುವಾಗ ಇದು ಸಾದಾ ಬ್ಲೌಸಲ್ಲ ಎನ್ನುವುದು ನೆನಪಿರಲಿ. ಆರಿ ವರ್ಕಿಗೆ ಎಣಿಸಿ ಕೊಡುವ ಕೈ, ಮಣಿ ಕಾಣಲಿಲ್ಲ ಎಂಬ ಕಾರಣಕ್ಕೆ ಪಿನ್ ಟಕ್ಕಿಗೆ ಹಿಂದೆ ಸರಿಯಬಾರದು.